ತೆರೆದ ಕಪಾಟು

ಬಾಗಲಕೋಟೆಯಲ್ಲಾಗಲಿ, ಇಳಕಲ್ಲಿನಲ್ಲಾಗಲಿ, ಗ್ರಂಥಾಲಯಕ್ಕೆ ಬಂದ ಓದುಗನು ತನ್ನ ಪುಸ್ತಕವನ್ನು ಕಂಡುಕೊಳ್ಳುವ ಬಗೆ ನಿಂತು ನೋಡತಕ್ಕದ್ದು.

ಹೆಸರು ಹಿಡಿದು ಕೇಳುವವರು ಕೆಲವರೇ. ಉಳಿದವರು ಕಪಾಟಿನ ಮುಂದೆ ತಲೆಯನ್ನು ತುಸು ಓರೆಯಾಗಿಸಿ, ಪುಸ್ತಕಗಳ ಬೆನ್ನಿನ ಮೇಲಣ ಹೆಸರುಗಳನ್ನು ಒಂದೊಂದಾಗಿ ಓದುತ್ತ ಸಾಗಿ, ಯಾವುದೋ ಒಂದನ್ನು ಸೆಳೆದು, ನಡುವಿನ ಪುಟ ತೆರೆದು ನಾಲ್ಕು ಸಾಲು ಓದಿ, ಬಳಿಕ ಕೊನೆಯಲ್ಲಿ ಅಂಟಿಸಿದ ತಾರೀಖಿನ ಚೀಟಿಯನ್ನು ನೋಡುವರು. ಮುದ್ರೆಗಳು ಒತ್ತೊತ್ತಾಗಿ ಬಿದ್ದಿದ್ದರೆ, ಇಷ್ಟು ಮಂದಿ ಓದಿದ್ದಾರೆಂಬ ಭರವಸೆ ಹುಟ್ಟುತ್ತದೆ. ಚೀಟಿ ಬರಿದಾಗಿದ್ದರೆ ಪುಸ್ತಕ ಮರಳಿ ಕಪಾಟು ಸೇರುತ್ತದೆ. ನನಗಾದರೋ ಅಂಥ ಪುಸ್ತಕದ ಮೇಲೆಯೇ ಮಮತೆ ಹೆಚ್ಚು; ಅದಕ್ಕೂ ಒಬ್ಬ ಓದುಗನಿರಬೇಕಲ್ಲ.

ಗ್ರಂಥಾಲಯಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳ ಎರಡನೆಯದರಲ್ಲಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂದು ಹೇಳಿ, ಅದರ ಬೆನ್ನಿಗೇ ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನು ದೊರೆಯಬೇಕೆಂದರು. ಈ ಮೂರನೆಯ ಸೂತ್ರದ ಬಲದಿಂದಲೇ ಅವರು ತೆರೆದ ಕಪಾಟುಗಳ ಪದ್ಧತಿಯನ್ನು ಪ್ರತಿಪಾದಿಸಿದರು. ವಿಷಯಾನುಸಾರವಾಗಿ ಜೋಡಿಸಿದ ಕಪಾಟಿನಲ್ಲಿ ನೆರೆಯ ಪುಸ್ತಕಗಳೆಲ್ಲ ನಂಟರು. ಬಾದಾಮಿಯ ಗುಹೆಗಳ ಇತಿಹಾಸವನ್ನರಸಿ ಬಂದ ವಿದ್ಯಾರ್ಥಿನಿಯ ಕೈಗೆ ಪಕ್ಕದಲ್ಲಿದ್ದ ಚಾಲುಕ್ಯ ಶಾಸನಗಳ ಸಂಪುಟವೂ ಸಿಗುವುದು. ಬೇಸಾಯದ ಪುಸ್ತಕ ಹುಡುಕುವ ಹುನಗುಂದದ ರೈತನಿಗೆ ಮಣ್ಣಿನ ಗುಣವನ್ನು ತಿಳಿಸುವ ಪುಸ್ತಕ ಕಣ್ಣಿಗೆ ಬೀಳುವುದು. ಬೀಗ ಹಾಕಿದ ಕಪಾಟಿನಲ್ಲಿ ಈ ಭಾಗ್ಯವಿಲ್ಲ.

ಆದುದರಿಂದ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದೊಯ್ದಾಗ, ದಯವಿಟ್ಟು ಪುಸ್ತಕವನ್ನು ನೀವೇ ಆರಿಸಿ ಕೊಡಬೇಡಿರಿ. ಅರ್ಧ ಗಂಟೆ ಅವರನ್ನು ಕಪಾಟುಗಳ ನಡುವೆ ಬಿಡಿರಿ. ಚಿತ್ರ ನೋಡಿಯೇ ಆರಿಸಿದರೂ ಆಗಲಿ.