ಶಾಲು ಹೊದಿಸುವ ಮೊದಲು

 

ಕೆಟ್ಟವನು ಹುಟ್ಟುತ್ತಲೇ ಕೆಟ್ಟವನೋ, ಬಡತನ ಅವನನ್ನು ಕೆಡಿಸಿತೋ ಎಂದು ನಾವು ವಾದ ಮಾಡುತ್ತಿರುತ್ತೇವೆ. ಅಮೆರಿಕದ ಎಡ್ವಿನ್ ಸದರ್‌ಲ್ಯಾಂಡ್ ಎಂಬ ವಿದ್ವಾಂಸರು ಎರಡನ್ನೂ ಒಪ್ಪಲಿಲ್ಲ. ಅಪರಾಧವನ್ನು ಮನುಷ್ಯ ಕಲಿಯುತ್ತಾನೆ, ಅದೂ ತನಗೆ ಹತ್ತಿರದವರಿಂದಲೇ ಕಲಿಯುತ್ತಾನೆ ಎಂದರು. ಬಡತನವೇ ಕಾರಣವಾದರೆ ದೊಡ್ಡ ಕಂಪನಿಗಳು ಯಾಕೆ ಕಾನೂನು ಮುರಿಯಬೇಕು? ಅಂಥ 70 ಕಂಪನಿಗಳ ದಾಖಲೆ ತೆಗೆದು ನೋಡಿದರು. ಒಂದೊಂದರ ಮೇಲೂ ನ್ಯಾಯಾಲಯದ ಇಲ್ಲವೆ ಆಯೋಗದ ಒಂದು ತೀರ್ಪಾದರೂ ಇತ್ತು, ಒಟ್ಟು 980. 1949ರಲ್ಲಿ ಪುಸ್ತಕ ಬಂದಾಗ ಪ್ರಕಾಶಕರು ಹೆದರಿ ಕಂಪನಿಗಳ ಹೆಸರು ತೆಗೆಸಿದರು. ಹೆಸರು ಸಮೇತ ಅಚ್ಚಾದದ್ದು 1983ರಲ್ಲಿ, ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ.

ಈ ಕಲಿಕೆಯಲ್ಲಿ ಕೈಚಳಕ ಒಂದು ಭಾಗ, ಅದನ್ನು ಸಮರ್ಥಿಸುವ ಮಾತು ಇನ್ನೊಂದು ಭಾಗ ಎಂದು ಅವರ ಅಭಿಪ್ರಾಯ. ಸರ್ಕಾರಿ ಎಂಜಿನಿಯರಾಗಿ ನಿವೃತ್ತನಾದ ನನಗೆ ಇದು ಬರೀ ಪುಸ್ತಕದ ಮಾತು ಅನಿಸಲಿಲ್ಲ. 15 ಸೆಂಟಿಮೀಟರ್ ಹಾಕಿದ ಜಲ್ಲಿಯನ್ನು ಅಳತೆ ಪುಸ್ತಕದಲ್ಲಿ 20 ಎಂದು ಬರೆಯುವುದನ್ನು ಕಲಿಯಲು ಅರ್ಧ ದಿನ ಸಾಕು. ಆದರೂ ಹೊಸದಾಗಿ ಬಂದ ಹುಡುಗನ ಕೈ ನಡುಗುತ್ತದೆ. ಆ ನಡುಕ ನಿಲ್ಲಿಸುವುದು ಮಾತು. ‘ಲಂಚ’ ಎಂದು ಯಾರೂ ಅನ್ನುವುದಿಲ್ಲ. ‘ಮಾಮೂಲು’ ಅನ್ನುತ್ತಾರೆ, ‘ಪರ್ಸೆಂಟೇಜು’ ಅನ್ನುತ್ತಾರೆ, ‘ಮೇಲಿನವರಿಗೂ ಹೋಗಬೇಕಲ್ಲಪ್ಪ’ ಅನ್ನುತ್ತಾರೆ. ಹೇಳುವವರು ಗೂಂಡಾಗಳಲ್ಲ. ಅವನ ಜೊತೆ ಬುತ್ತಿ ಬಿಚ್ಚುವ, ಅವನ ಮದುವೆಗೆ ಬಂದು ಅಕ್ಷತೆ ಹಾಕುವ ಹಿರಿಯರು.

ಸದರ್‌ಲ್ಯಾಂಡರ ಶಿಷ್ಯ ಡೊನಾಲ್ಡ್ ಕ್ರೆಸಿ, ನಂಬಿ ಒಪ್ಪಿಸಿದ ಹಣ ನುಂಗಿ ಜೈಲು ಸೇರಿದವರನ್ನು ಕಂಡು ಮಾತಾಡಿಸಿದರು. 1953ರ ಅವರ ಪುಸ್ತಕ ಹೇಳುವುದೇನೆಂದರೆ, ಬಹಳ ಮಂದಿ ‘ಕದಿಯುತ್ತಿದ್ದೇನೆ’ ಎಂದುಕೊಂಡಿರಲೇ ಇಲ್ಲ. ‘ಸಾಲವಾಗಿ ತೆಗೆದಿದ್ದೇನೆ, ತುಂಬಿಬಿಡುತ್ತೇನೆ’ ಎಂದುಕೊಂಡಿದ್ದರು. ಮಾತು ಮೊದಲು, ಕಳವು ಆಮೇಲೆ.

1957ರಲ್ಲಿ ಸೈಕ್ಸ್ ಮತ್ತು ಮಾಟ್ಜಾ ಇಂಥ ನೆಪಗಳನ್ನು ಐದು ಬಗೆ ಮಾಡಿದರು. ನಾಲ್ಕನ್ನು ಯಾವ ಕಚೇರಿಯಲ್ಲಾದರೂ ಕೇಳಬಹುದು, ಬಿಡಿ. ಐದನೆಯದು, ‘ನನಗಾಗಿ ಮಾಡಲಿಲ್ಲ, ನನ್ನವರಿಗಾಗಿ ಮಾಡಿದೆ’ ಎಂಬುದು. ಅವರು ಬರೆದದ್ದು ದಾರಿತಪ್ಪಿದ ಹುಡುಗರ ಬಗ್ಗೆ. ಆ ಹುಡುಗರಿಗೆ ‘ನನ್ನವರು’ ಎಂದರೆ ಗೆಳೆಯರ ಗುಂಪು. ನಮ್ಮಲ್ಲಿ ಕೆಲವರಿಗೆ ಅದು ಮಠ. ಪೂಜ್ಯರು ಮನ್ನಿಸಬೇಕು, ಹೇಳದೆ ಗತಿಯಿಲ್ಲ. ಜಾತ್ರೆಗೆ ನೂರು ಚೀಲ ಅಕ್ಕಿ ಕೊಟ್ಟ, ಯಾತ್ರಿನಿವಾಸಕ್ಕೆ ಕೋಣೆ ಕಟ್ಟಿಸಿದ ಅಧಿಕಾರಿಗೆ ನಾವು ಶಾಲು ಹೊದಿಸುತ್ತೇವೆ. ಅವನ ಸಂಬಳವೆಷ್ಟೆಂದು ಸಭೆಯಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತದೆ. ಕಾಯಕದಿಂದ ಬಂದದ್ದು ದಾಸೋಹಕ್ಕೆ ಎಂಬುದು ಶರಣರು ಹಾಕಿಕೊಟ್ಟ ದಾರಿ. ನಾವೋ, ದಾಸೋಹಕ್ಕೆ ಬಂದದ್ದೆಲ್ಲ ಕಾಯಕದ್ದೇ ಎಂದು ತಿರುವಿಕೊಂಡಿದ್ದೇವೆ.

ಆ ಹೊತ್ತಿಗೆ ಮುಂದಿನ ಸಾಲಿನಲ್ಲಿ ಮಕ್ಕಳು ಕೂತಿರುತ್ತಾರೆ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಪುಟ್ಟ ಮಕ್ಕಳಿಗೆ, ದೊಡ್ಡವನೊಬ್ಬ ಬೊಂಬೆಯನ್ನು ಬಡಿಯುವ ಚಿತ್ರ ತೋರಿಸಿದರು. ಬಡಿದವನಿಗೆ ಕೊನೆಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಅವನನ್ನು ಅಷ್ಟಾಗಿ ಅನುಕರಿಸಲಿಲ್ಲ. ‘ಕಂಡದ್ದನ್ನು ಮಾಡಿ ತೋರಿಸಿದರೆ ಬಹುಮಾನ’ ಎಂದಾಗ ಮಾತ್ರ ಆ ಮಕ್ಕಳೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. 1965ರಲ್ಲಿ ಪ್ರಕಟವಾದ ಪ್ರಯೋಗ ಇದು. ಕಲಿಯುವುದನ್ನು ಎಲ್ಲರೂ ಕಲಿತಿದ್ದರು. ಶಿಕ್ಷೆಯ ಭಯ ಕೆಲವರನ್ನು ತಡೆದಿತ್ತು, ಅಷ್ಟೇ. ನಮ್ಮ ಮಕ್ಕಳು ಶಿಕ್ಷೆಯನ್ನೂ ನೋಡುತ್ತಿಲ್ಲ, ಶಾಲನ್ನು ನೋಡುತ್ತಿದ್ದಾರೆ.

ಮುಂದಿನ ಜಾತ್ರೆಯ ದಾನಿಗಳ ಪಟ್ಟಿ ಅಚ್ಚಿಗೆ ಹೋಗುವ ಮೊದಲು ಸಮಿತಿಯವರು ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಕೇಳಿಕೊಳ್ಳುತ್ತೇನೆ.