ಅಂಡರ್ ದಿ ಸ್ಕಿನ್: ಬಿದ್ದವಳನ್ನು ಎತ್ತಿದವರು, ಅಳುವ ಮಗುವನ್ನು ಬಿಟ್ಟುಹೋದವರು



ಇವತ್ತು ಒಂದೇ ಒಂದು ಸಿನಿಮಾ ಬಗ್ಗೆ ಮಾತಾಡ್ತೀನಿ. ಜೊನಾಥನ್ ಗ್ಲೇಜರ್ ನಿರ್ದೇಶನದ 'ಅಂಡರ್ ದಿ ಸ್ಕಿನ್'. 2013ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ ಚಿತ್ರ ಇದು. ಸ್ಕಾರ್ಲೆಟ್ ಜೊಹಾನ್ಸನ್ ಇದ್ದಾರೆ, ಏಲಿಯನ್ ಕಥೆ ಅಂತ ಕೇಳಿ ಆಸೆಯಿಂದ ನೋಡೋಕೆ ಕೂತವನು ನಾನು. ಅರ್ಧ ಗಂಟೆಗೇ ನಿಲ್ಲಿಸಿಬಿಟ್ಟೆ. ಏನೂ ಆಗ್ತಾನೇ ಇಲ್ವಲ್ಲ ಅನ್ನಿಸ್ತು. ಒಂದು ವರ್ಷ ಬಿಟ್ಟು, ಫೋನನ್ನು ಪಕ್ಕದ ರೂಮಲ್ಲಿಟ್ಟು ಮತ್ತೆ ನೋಡಿದೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೊದಲೇ ಹೇಳಿಬಿಡ್ತೀನಿ, ಇದು ವಯಸ್ಕರ ಸಿನಿಮಾ. ಲೈಂಗಿಕ ಹಿಂಸೆಯ ದೃಶ್ಯವೂ ಇದೆ. ನಾನು ಕೊನೆಯವರೆಗಿನ ಕಥೆ ಹೇಳ್ತೀನಿ, ಸ್ಪಾಯ್ಲರ್ ಬೇಡ ಅನ್ನೋರು ನೋಡಿಬಂದು ಕೇಳಿ.

ಕಥೆ ಇಷ್ಟೇ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಒಬ್ಬಳು ಹೆಂಗಸು ಬಿಳಿ ವ್ಯಾನ್ ಓಡಿಸ್ಕೊಂಡು ತಿರುಗ್ತಾಳೆ. ದಾರಿಯಲ್ಲಿ ಒಂಟಿಯಾಗಿ ಸಿಗೋ ಗಂಡಸರನ್ನು ಮಾತಾಡಿಸಿ ಹತ್ತಿಸ್ಕೊಳ್ತಾಳೆ. ಅವರನ್ನು ಒಂದು ಮನೆಗೆ ಕರ್ಕೊಂಡು ಹೋಗ್ತಾಳೆ. ಒಳಗೆ ಬರೀ ಕಪ್ಪು. ಅವಳು ನೆಲದ ಮೇಲೆ ನಡೀತಾ ಹೋಗ್ತಾಳೆ, ಹಿಂದೆ ಬಂದವನು ಅದೇ ನೆಲದೊಳಗೆ ನೀರಿಗಿಳಿದ ಹಾಗೆ ಮುಳುಗಿಹೋಗ್ತಾನೆ. ಕಿರುಚಾಟ ಇಲ್ಲ, ರಕ್ತ ಇಲ್ಲ. ಮೀಕಾ ಲೆವಿಯವರ ಸಂಗೀತ ಮಾತ್ರ. ವಯೋಲಾ ತಂತಿಯ ಆ ದನಿ ಚರ್ಮದ ಮೇಲೆ ಇರುವೆ ಹರಿದ ಹಾಗಿರುತ್ತೆ.

ಇದಕ್ಕೆ ಮೂಲ, ಮಿಶೆಲ್ ಫೇಬರ್ ಬರೆದ 2000ದ ಕಾದಂಬರಿ. ಅವಳು ಯಾರು, ಗಂಡಸರನ್ನು ಯಾಕೆ ಹಿಡೀತಾಳೆ ಅನ್ನೋದಕ್ಕೆಲ್ಲ ಅದರಲ್ಲಿ ಉತ್ತರ ಇದೆ. ಗ್ಲೇಜರ್ ಆ ಉತ್ತರಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿದರು. ಹಾಗಾಗಿ ನಮಗೆ ನೋಡೋದು ಬಿಟ್ಟು ಬೇರೆ ಕೆಲಸ ಇಲ್ಲ.

ಈಗ ಸಮುದ್ರತೀರದ ದೃಶ್ಯಕ್ಕೆ ಬರ್ತೀನಿ. ಅಲೆಗೆ ಸಿಕ್ಕಿದ ನಾಯಿಯನ್ನು ಉಳಿಸೋಕೆ ಒಬ್ಬಳು ನೀರಿಗಿಳೀತಾಳೆ. ಅವಳನ್ನು ಉಳಿಸೋಕೆ ಗಂಡ ಇಳೀತಾನೆ. ಅವನನ್ನು ಉಳಿಸೋಕೆ, ಅಲ್ಲಿ ಈಜ್ತಿದ್ದ ಅಪರಿಚಿತನೊಬ್ಬ ಧುಮುಕ್ತಾನೆ. ಅವನು ಎಳೆದು ತಂದರೂ ಗಂಡ ಬಿಡಿಸ್ಕೊಂಡು ಮತ್ತೆ ಅಲೆಗೆ ನುಗ್ತಾನೆ. ಈಜುಗಾರ ಸುಸ್ತಾಗಿ ದಡದಲ್ಲಿ ಬಿದ್ದಿರ್ತಾನೆ. ನಮ್ಮ ನಾಯಕಿ ನಿಧಾನಕ್ಕೆ ಬಂದು ಕಲ್ಲಿನಿಂದ ಅವನ ತಲೆಗೆ ಹೊಡೆದು, ಎಳ್ಕೊಂಡು ಹೋಗ್ತಾಳೆ. ದಂಪತಿಯ ಪುಟ್ಟ ಮಗು ಅಲ್ಲೇ ಕೂತು ಅಳ್ತಿರುತ್ತೆ. ಅವಳು ತಿರುಗಿಯೂ ನೋಡಲ್ಲ.

ರಾತ್ರಿ ಅವಳ ಜೊತೆಗಾರ ಬೈಕಿನಲ್ಲಿ ಬಂದು ಈಜುಗಾರನ ಸಾಮಾನು ಎತ್ಕೊಂಡು ಹೋಗ್ತಾನೆ. ಮಗು ಕತ್ತಲಲ್ಲಿ ಇನ್ನೂ ಅಳ್ತಾನೇ ಇದೆ. ಕ್ಯಾಮೆರಾ ಓಡಲ್ಲ, ಅಲ್ಲೇ ನಿಲ್ಲುತ್ತೆ. ಯಾರಾದ್ರೂ ಎತ್ಕೊಳ್ರೋ ಅಂತ ನಾನು ಟಿವಿ ಮುಂದೆ ಕೂತು ನಿಜವಾಗಲೂ ಬಾಯಿಬಿಟ್ಟು ಹೇಳಿದೆ. ಯಾರೂ ಬರಲ್ಲ.

ಸಿನಿಮಾ ಯಾಕಿಷ್ಟು ನಿಧಾನ ಅಂತ ನನಗೆ ಅರ್ಥ ಆಗಿದ್ದು ಅಲ್ಲೇ. ಬೇಗ ಕಟ್ ಮಾಡಿದ್ದಿದ್ರೆ ಅದೊಂದು ಶಾಕ್ ಆಗಿ ಮುಗಿದುಹೋಗ್ತಿತ್ತು. ನಿಲ್ಲಿಸಿದ್ದಕ್ಕೇ, ಏನೂ ಮಾಡದೆ ಸುಮ್ನೆ ನೋಡ್ತಾ ಕೂರೋದು ಎಷ್ಟು ಕಷ್ಟ ಅಂತ ಗೊತ್ತಾಯ್ತು. ಅವಳಿಗೆ ಅದು ಕಷ್ಟವೇ ಅಲ್ಲ. ಆ ಹೊತ್ತಲ್ಲಿ ಅವಳಿಗೂ ನಮಗೂ ಇರೋ ವ್ಯತ್ಯಾಸ ಅಷ್ಟೇ.

ಆದರೆ ಅವಳು ಬದಲಾಗ್ತಾಳೆ. ಮುಖದ ಮೇಲೆ ಗಡ್ಡೆಗಳಿರೋ ಒಬ್ಬ ಯುವಕನನ್ನು ಒಂದು ರಾತ್ರಿ ವ್ಯಾನ್ ಹತ್ತಿಸ್ಕೊಳ್ತಾಳೆ. ಜನರ ಕಣ್ಣಿಗೆ ಬೀಳಬಾರದು ಅಂತ ಅವನು ರಾತ್ರಿ ಅಂಗಡಿಗೆ ಹೊರಟಿರ್ತಾನೆ. ಈ ಪಾತ್ರ ಮಾಡಿದ ಆಡಂ ಪಿಯರ್ಸನ್ ಅವರಿಗೆ ನಿಜಕ್ಕೂ ನ್ಯೂರೋಫೈಬ್ರೋಮಟೋಸಿಸ್ ಇದೆ, ಅದು ಮೇಕಪ್ ಅಲ್ಲ. ಮನುಷ್ಯರ ಮುಖದಲ್ಲಿ ಚೆಂದ ಯಾವುದು, ಕುರೂಪ ಯಾವುದು ಅನ್ನೋದು ಅವಳಿಗೆ ಗೊತ್ತೇ ಇಲ್ಲ. ನಿನ್ನ ಕೈ ಎಷ್ಟು ಚೆನ್ನಾಗಿದೆ ಅಂತಾಳೆ. ಅವನನ್ನೂ ಆ ಕಪ್ಪು ಮನೆಗೆ ಕರ್ಕೊಂಡು ಹೋಗ್ತಾಳೆ. ಆಮೇಲೆ ಕನ್ನಡಿಯಲ್ಲಿ ತನ್ನ ಮುಖವನ್ನೇ ತುಂಬ ಹೊತ್ತು ನೋಡಿ, ಅವನನ್ನು ಬಿಟ್ಟುಬಿಡ್ತಾಳೆ.

ಅಲ್ಲಿಂದ ವ್ಯಾನ್ ಬಿಟ್ಟು ಮಂಜಿನೊಳಗೆ ನಡೆದುಹೋಗ್ತಾಳೆ. ಹೋಟೆಲಲ್ಲಿ ಕೇಕ್ ತಿನ್ನೋಕೆ ನೋಡ್ತಾಳೆ, ಗಂಟಲಲ್ಲಿ ಇಳಿಯಲ್ಲ. ಬಸ್ಸಲ್ಲಿ ಸಿಕ್ಕ ಒಬ್ಬ ಒಳ್ಳೆಯವನು ಮನೆಗೆ ಕರೆದು ಆಸರೆ ಕೊಡ್ತಾನೆ. ಆದರೆ ಕೊನೆಗೆ ಕಾಡಲ್ಲಿ ಇನ್ನೊಬ್ಬ ಅವಳ ಮೇಲೆ ಬೀಳ್ತಾನೆ. ಚರ್ಮ ಹರಿದು ಒಳಗಿನ ಕಪ್ಪು ದೇಹ ಕಂಡಾಗ ಬೆಂಕಿ ಹಚ್ತಾನೆ. ಬೇಟೆಯಾಡ್ತಿದ್ದವಳು, ಮನುಷ್ಯಳಾಗೋಕೆ ಹೊರಟ ಹೊತ್ತಿಗೇ ಬೇಟೆಯಾಗಿಬಿಟ್ಟಳು.

ಹಾಗಾದ್ರೆ ಮನುಷ್ಯರೆಲ್ಲ ಕೆಟ್ಟವರು ಅಂತ ಹೇಳ್ತಿದ್ಯಾ ಈ ಸಿನಿಮಾ? ನನಗೆ ಹಾಗನ್ನಿಸಲ್ಲ. ಅದಕ್ಕೆ ಕಾರಣ ಚಿತ್ರೀಕರಣದ ಒಂದು ಸಂಗತಿ. ವ್ಯಾನಿನೊಳಗೆ ಸಣ್ಣ ಸಣ್ಣ ಕ್ಯಾಮೆರಾ ಬಚ್ಚಿಟ್ಟು, ನಟರಲ್ಲದ ಜನರನ್ನೇ ಮಾತಾಡಿಸಿ ಕೆಲವು ದೃಶ್ಯ ತೆಗೆದಿದ್ದಾರೆ. ಆಮೇಲೆ ವಿಷಯ ತಿಳಿಸಿ ಅವರ ಒಪ್ಪಿಗೆ ತಗೊಂಡಿದ್ದಾರೆ. ಅವಳು ಬೀದಿಯಲ್ಲಿ ಮುಗ್ಗರಿಸಿ ಮುಖ ಅಡಿಯಾಗಿ ಬೀಳೋ ದೃಶ್ಯವನ್ನೂ ಹೀಗೇ ನಿಜವಾದ ಜನರ ನಡುವೆ ತೆಗೆದಿದ್ದು. ದಾರಿಹೋಕರು ಓಡಿ ಬಂದು ಎತ್ತುತ್ತಾರೆ. ಕಪ್ಪು ವಿಗ್ ಹಾಕಿದ ಯಾರೋ ಹೆಂಗಸು ಬಿದ್ದಿದ್ದಾಳೆ, ಅವರಿಗೆ ಅಷ್ಟು ಸಾಕಾಗಿತ್ತು.

ಅದೇ ಬೀಳುವಿಕೆಯ ಫೋಟೋ ಸಿನಿಮಾ ಬಿಡುಗಡೆಗೆ ಮೊದಲೇ ಇಂಟರ್‌ನೆಟ್ಟಲ್ಲಿ ಮೀಮ್ ಆಯ್ತು. ಅವಳನ್ನು ಡಾಲ್ಫಿನ್ ಮೇಲೆ ಕೂರಿಸಿ, ಎಲ್ಲೆಲ್ಲಿಗೋ ಅಂಟಿಸಿ ಜನ ನಕ್ಕರು. ನಾನೂ ನಕ್ಕು ಫಾರ್ವರ್ಡ್ ಮಾಡಿದವನೇ. ಬೀದಿಯಲ್ಲಿದ್ದವರು ಕೈ ಕೊಟ್ಟರು, ಫೋನ್ ಹಿಡಿದವನು ನಾನು ನಕ್ಕೆ. ಕಡಲತೀರದಲ್ಲಿ ಸುಮ್ನೆ ನಿಂತು ನೋಡಿದ ಆ ಏಲಿಯನ್‌ಗೆ ನಾನು ಎಷ್ಟು ಹತ್ತಿರ ಇದ್ದೆ ಅಂತ ಯೋಚಿಸಿ ಮುಜುಗರ ಆಯ್ತು.

ಇದೇ ಗ್ಲೇಜರ್ ಆಮೇಲೆ 2023ರಲ್ಲಿ 'ದಿ ಝೋನ್ ಆಫ್ ಇಂಟರೆಸ್ಟ್' ಮಾಡಿದರು. ಔಶ್ವಿಟ್ಜ್ ಯಾತನಾ ಶಿಬಿರದ ಗೋಡೆಯಾಚೆ ಆರಾಮಾಗಿ ಬದುಕಿದ ಅಧಿಕಾರಿಯ ಕುಟುಂಬದ ಚಿತ್ರ ಅದು. ಆಸ್ಕರ್ ಕೂಡ ಬಂತು. ಅಲ್ಲೂ ಅದೇ ಪ್ರಶ್ನೆ: ಕಿವಿಗೆ ಬೀಳ್ತಿದ್ರೂ ಕೇಳಿಸದ ಹಾಗೆ ಇರೋದು ಹೇಗೆ?

'ಅಂಡರ್ ದಿ ಸ್ಕಿನ್' ನೋಡೋದಾದ್ರೆ ಒಂದೇ ಕೋರಿಕೆ. ಒಂದೂವರೆ ಪಟ್ಟು ಸ್ಪೀಡಲ್ಲಿ ನೋಡಬೇಡಿ. ಲೈಟ್ ಆರಿಸಿ, ಹೆಡ್‌ಫೋನ್ ಹಾಕಿ, ಒಂದೇ ಸಲಕ್ಕೆ ನೋಡಿ. ಮಗು ಅಳೋ ದೃಶ್ಯ ಬಂದಾಗ ಕೈ ಫಾರ್ವರ್ಡ್ ಬಟನ್ ಕಡೆ ಹೋದರೆ ಒಂದು ನಿಮಿಷ ತಡೀರಿ. ಆ ಒಂದು ನಿಮಿಷ ಕೂತು ನೋಡಿದ್ರೆ, ಈ ಸಿನಿಮಾ ನಿಮಗೆ ಸಿಕ್ಕಿದ ಹಾಗೇ.