ಮೂಲ ಮತ್ತು ಪ್ರತಿ: ಡೇಟಾಬೇಸ್ ರೆಪ್ಲಿಕೇಷನ್‌ನಲ್ಲಿ ದೋಷಶೋಧ

ಒಂದು ಸರ್ವರ್‌ನ ಡೇಟಾಬೇಸಿನಲ್ಲಿ ಆಗುವ ಬದಲಾವಣೆಗಳೆಲ್ಲ ಇನ್ನೊಂದು ಸರ್ವರ್‌ನಲ್ಲಿಯೂ ಅದೇ ಕ್ರಮದಲ್ಲಿ ಆಗುವಂತೆ ನೋಡಿಕೊಳ್ಳುವ ಏರ್ಪಾಟಿಗೆ ರೆಪ್ಲಿಕೇಷನ್ ಎಂದು ಹೆಸರು. ಲಿನಕ್ಸ್ ಸರ್ವರ್‌ಗಳಲ್ಲಿ ಈ ಏರ್ಪಾಟು ಕೆಟ್ಟಾಗ ದೋಷವನ್ನು ಹುಡುಕುವ ಬಗೆಯೇ ಈ ವಿಚಾರಸಂಕಿರಣದ ವಸ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಗ್ರಾಮಲೆಕ್ಕಿಗರ ಪುಸ್ತಕಗಳಿಂದ ಗಣಕಕ್ಕೆ ತಂದ ಮೇಲೆ, ಹಾಸನ ಜಿಲ್ಲೆಯ ಕಟ್ಟಾಯ ಹೋಬಳಿಯ ಒಂದು ಹಿಡುವಳಿಯ ಹಕ್ಕು ಡೇಟಾಬೇಸಿನ ಒಂದು ಸಾಲಿನ ಮೇಲೆ ನಿಂತಿದೆ. ಅಂಥ ಸಾಲು ಎರಡು ಕಡೆ ಇದ್ದು ಎರಡೂ ಬೇರೆ ಬೇರೆ ಮಾತು ಹೇಳತೊಡಗಿದರೆ ಆಗುವ ಅನರ್ಥ ಗಣಕದ ಕೋಣೆಯೊಳಗೆ ಮುಗಿಯುವುದಿಲ್ಲ.

ಹೆಚ್ಚು ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ಅನ್ನು ಉದಾಹರಣೆಗೆ ತೆಗೆದುಕೊಂಡರೆ, ಮೂಲ ಸರ್ವರ್ ತನ್ನಲ್ಲಾದ ಬದಲಾವಣೆಗಳನ್ನು ಬೈನರಿ ಲಾಗ್ ಎಂಬ ಕಡತದಲ್ಲಿ ಅನುಕ್ರಮವಾಗಿ ಬರೆದಿಡುತ್ತದೆ. ಪ್ರತಿಯನ್ನು ಇಟ್ಟುಕೊಳ್ಳುವ ಸರ್ವರ್, ಅಂದರೆ ರೆಪ್ಲಿಕಾ, ಒಂದು ಥ್ರೆಡ್‌ನಿಂದ ಅದನ್ನು ತರಿಸಿ ರಿಲೇ ಲಾಗ್‌ನಲ್ಲಿ ಇರಿಸಿಕೊಂಡು, ಮತ್ತೊಂದು ಥ್ರೆಡ್‌ನಿಂದ ತನ್ನ ಕೋಷ್ಟಕಗಳಿಗೆ ಅನ್ವಯಿಸುತ್ತದೆ. ತರುವ ಕೆಲಸ ನಿಂತಿದೆಯೋ ಅನ್ವಯಿಸುವ ಕೆಲಸ ನಿಂತಿದೆಯೋ ಎಂಬುದನ್ನು ‘ಶೋ ರೆಪ್ಲಿಕಾ ಸ್ಟೇಟಸ್’ ಆದೇಶದಿಂದ ಮೊದಲು ತಿಳಿದುಕೊಂಡರೆ ಅರ್ಧ ದಾರಿ ಸವೆದಂತೆ. ತರುವ ಕೆಲಸ ನಿಂತಿದ್ದರೆ ಕಾರಣ ಬಹುಮಟ್ಟಿಗೆ ಸಂರಚನೆಯಲ್ಲಿಯೇ ಇರುತ್ತದೆ: ಉಬುಂಟುವಿನಲ್ಲಿ ಮೂಲ ಸರ್ವರ್ 127.0.0.1 ವಿಳಾಸಕ್ಕೆ ಮಾತ್ರ ಕಿವಿಗೊಡುವಂತೆ ಉಳಿದಿರಬಹುದು, ಫೈರ್‌ವಾಲ್ 3306ನೆಯ ಪೋರ್ಟನ್ನು ಮುಚ್ಚಿರಬಹುದು, ಅಥವಾ ಒಂದೇ ವರ್ಚುವಲ್ ಯಂತ್ರವನ್ನು ನಕಲು ಮಾಡಿ ಎರಡನ್ನೂ ಕಟ್ಟಿದ್ದರಿಂದ ಎರಡು ಸರ್ವರ್‌ಗಳಿಗೂ ಒಂದೇ ಗುರುತು ಅಂಟಿಕೊಂಡಿರಬಹುದು. ಇವೆಲ್ಲ ಲಾಗ್ ಓದುವ ತಾಳ್ಮೆಯಿದ್ದವರಿಗೆ ಬೇಗ ಸಿಗುವ ದೋಷಗಳು.

ಅನ್ವಯಿಸುವ ಕೆಲಸ ನಿಂತಾಗಿನ ಪ್ರಶ್ನೆ ಇದಕ್ಕಿಂತ ಗಹನವಾದುದು. ಸೇರಿಸಬೇಕಾದ ಸಾಲು ರೆಪ್ಲಿಕಾದಲ್ಲಿ ಆಗಲೇ ಇದೆ ಎಂದು 1062ನೆಯ ದೋಷಸಂಖ್ಯೆಯೂ, ತಿದ್ದಬೇಕಾದ ಸಾಲು ಅಲ್ಲಿ ಇಲ್ಲವೇ ಇಲ್ಲ ಎಂದು 1032ನೆಯದೂ ಹೇಳುತ್ತವೆ. ಎರಡರ ತಾತ್ಪರ್ಯವೂ ಮೂಲ ಮತ್ತು ಪ್ರತಿ ಈ ಮೊದಲೇ ಎಲ್ಲಿಯೋ ಬೇರೆಯಾಗಿವೆ ಎಂಬುದೇ. ರೆಪ್ಲಿಕಾದಲ್ಲಿ ಯಾರೋ ನೇರವಾಗಿ ಬರೆದಿರುವುದು ಇದಕ್ಕೆ ಸಾಮಾನ್ಯ ಕಾರಣ. ಹೀಗಿರುವಾಗ ದೋಷ ಕೊಟ್ಟ ವ್ಯವಹಾರವನ್ನು ಹಾರಿಸಿ ಮುಂದೆ ಓಡಿಸುವ ರೂಢಿ ಕಳವಳ ಹುಟ್ಟಿಸುವಂಥದು, ಏಕೆಂದರೆ ಪರದೆಯ ಮೇಲೆ ವಿಳಂಬ ಸೊನ್ನೆ ಸೆಕೆಂಡು ಎಂದು ಕಾಣುತ್ತಿದ್ದರೂ ಒಳಗಿನ ಪಾಠಾಂತರ ಹಾಗೆಯೇ ಉಳಿದು ಬೆಳೆಯುತ್ತ ಹೋಗುತ್ತದೆ. ಪ್ರತಿಯನ್ನು ಮೂಲದೆದುರು ಇಟ್ಟು ನೋಡುವ ಶಿಸ್ತು ಹಾಸನ ಜಿಲ್ಲೆಗೆ ಹೊಸತಲ್ಲ: ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಬಿ.ಎಲ್. ರೈಸ್ ಅಚ್ಚು ಮಾಡಿಸಿದಾಗ ಇದ್ದವು 144, ಆರ್. ನರಸಿಂಹಾಚಾರ್ಯರು ಮತ್ತೆ ಕಲ್ಲಿನ ಬಳಿಗೇ ಹೋಗಿ 1923ರಲ್ಲಿ ಪರಿಷ್ಕರಿಸಿದಾಗ ಆದವು 500. ಕೋಷ್ಟಕಗಳ ಚೆಕ್‌ಸಮ್, ಅಂದರೆ ಸಾಲುಗಳಿಂದ ಲೆಕ್ಕ ಹಾಕಿ ತೆಗೆದ ತಾಳೆಸಂಖ್ಯೆ, ಮಾಡುವುದು ಇಂಥದೇ ಕೆಲಸವನ್ನು. ವ್ಯತ್ಯಾಸ ವ್ಯಾಪಕವೆಂದು ಅದು ತೋರಿಸಿದರೆ ರೆಪ್ಲಿಕಾವನ್ನು ಮೂಲದಿಂದ ಹೊಸದಾಗಿ ಕಟ್ಟುವುದೊಂದೇ ಪ್ರಾಮಾಣಿಕ ಪರಿಹಾರ.

ಹಾಗೆ ಕಟ್ಟುವ ಹೊತ್ತೇ ಅತ್ಯಂತ ಅಪಾಯದ ಹೊತ್ತು ಕೂಡ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ, ಹಿಂದೆ ಬಿದ್ದಿದ್ದ ಪೋಸ್ಟ್‌ಗ್ರೆಸ್ ಪ್ರತಿಯನ್ನು ಮತ್ತೆ ಕಟ್ಟಲು ಹೊರಟವರು ಅಳಿಸುವ ಆದೇಶವನ್ನು ಮೂಲ ಸರ್ವರ್‌ನಲ್ಲಿಯೇ ಕೊಟ್ಟದ್ದರಿಂದ ಸುಮಾರು 300 ಜಿಬಿ ದತ್ತಾಂಶ ಹೋಯಿತು. ನಿತ್ಯದ ಬ್ಯಾಕಪ್ ಆವೃತ್ತಿಯ ಹೊಂದಾಣಿಕೆ ತಪ್ಪಿ ವಿಫಲವಾಗುತ್ತಿದ್ದದ್ದು ಆಗಲೇ ಗೊತ್ತಾಯಿತು. ಕೊನೆಗೆ ಕೈಗೆ ಬಂದದ್ದು ಆರು ಗಂಟೆ ಹಿಂದಿನ ಪ್ರತಿ. ಮೂಲದಲ್ಲಿ ತಪ್ಪಾಗಿ ಅಳಿಸಿದ್ದನ್ನು ರೆಪ್ಲಿಕಾ ಕೂಡ ನಿಷ್ಠೆಯಿಂದ ಅಳಿಸುವುದರಿಂದ ಅದು ಬ್ಯಾಕಪ್ ಅಲ್ಲ. ಆ ಸಂಸ್ಥೆ ತನ್ನ ತಪ್ಪುಗಳ ವಿವರವನ್ನೆಲ್ಲ ಬಹಿರಂಗವಾಗಿ ಪ್ರಕಟಿಸಿದ್ದು ಮಾತ್ರ ಗೌರವಕ್ಕೆ ಪಾತ್ರವಾದ ನಡೆ.

ಸಂಕಿರಣದಲ್ಲಿ ಪ್ರಬಂಧ ಮಂಡಿಸುವವರು ದೋಷ ಸರಿಪಡಿಸಲು ಬಳಸಿದ ಆದೇಶಗಳ ಪಟ್ಟಿಯನ್ನಷ್ಟೇ ಕೊಡದೆ, ಯಾವ ಲಾಗ್‌ನ ಯಾವ ಸಾಲಿನಲ್ಲಿ ಮೂಲ ಮತ್ತು ಪ್ರತಿ ಬೇರೆಯಾದವು ಎಂಬುದನ್ನೂ ಸಭೆಯ ಮುಂದೆ ಇಡಬೇಕೆಂದು ವಿನಂತಿ.